ಒಣ ದಿನಕ್ಕೆ ಬಣ್ಣ ತಾನೇ ಬರಬೇಕು

ನಮ್ಮದು ಚಳ್ಳಕೆರೆ ತಾಲೂಕಿನ ಕೆಂಪು ಮರಳು ಭೂಮಿ. ಆರು ಎಕರೆ, ಪೂರ್ತಿ ಮಳೆ ಆಶ್ರಯ. ಶೇಂಗಾ, ಅದರೊಳಗೆ ಅಕ್ಕಡಿ ತೊಗರಿ, ಒಂದಿಷ್ಟು ನವಣೆ, ಹದಿನೆಂಟು ಕುರಿ. ನಾನು ಓದಿದ್ದು ಏಳನೇ ಕ್ಲಾಸು. ಆದರೂ 2001ರಿಂದ ಮಳೆ ಲೆಕ್ಕ ಬರೆದಿಟ್ಟಿದ್ದೇನೆ. ಅಂಗಳದಲ್ಲಿ ಒಂದು ಮಳೆಮಾಪಕ ನೆಟ್ಟಿದೆ. ಬೆಳಿಗ್ಗೆ ಎಂಟೂವರೆಗೆ ಅಳೆದು ನೋಟ್‌ಬುಕ್ಕಿಗೆ ಹಾಕೋದು. ಊರಲ್ಲಿದ್ದಷ್ಟು ದಿನ ಇದು ತಪ್ಪಿಲ್ಲ.

ಇಪ್ಪತ್ತು ವರ್ಷದ ನೋಟ್‌ಬುಕ್ಕು ಪೆಟ್ಟಿಗೆಯಲ್ಲಿತ್ತು. ಅದರಿಂದ ನನಗೆ ಏನು ಉಪಯೋಗವಾಯ್ತು ಅಂತ ಯಾರಾದರೂ ಕೇಳಿದ್ದರೆ ಹೇಳೋಕೆ ಮಾತಿರಲಿಲ್ಲ. ಅಂಕಿ ಇತ್ತು, ಕಣ್ಣಿಗೆ ಏನೂ ಕಾಣ್ತಿರಲಿಲ್ಲ. ಪುಟ ತಿರುವಿದರೆ ಸೊನ್ನೆ, ಸೊನ್ನೆ, 4, ಸೊನ್ನೆ, 17. ಇದರಲ್ಲಿ ಏನಂತ ಹುಡುಕೋದು?

2020ರಲ್ಲಿ ಲಾಕ್‌ಡೌನ್ ಆದಾಗ ನನ್ನ ತಮ್ಮನ ಮಗ ದಾವಣಗೆರೆಯಿಂದ ಊರಿಗೆ ಬಂದು ಎರಡೂವರೆ ತಿಂಗಳು ಇದ್ದ. ಅವನ ಹತ್ತಿರ ಲ್ಯಾಪ್‌ಟಾಪ್ ಇತ್ತು. "ದೊಡ್ಡಪ್ಪಾ, ಹೆಂಗೂ ಕೆಲಸ ಇಲ್ಲ, ನಿಮ್ಮ ಬುಕ್ಕು ತನ್ನಿ, ಎಕ್ಸೆಲ್‌ಗೆ ಹಾಕಣ" ಅಂದ. ನಾನು ಓದಿ ಹೇಳೋದು, ಅವನು ಹೊಡೆಯೋದು. ಹದಿನೈದು ದಿನ ಹಿಡೀತು. ಆಮೇಲೆ ಅವನು ಒಂದು ಆಟ ತೋರಿಸಿದ. ಎಲ್ಲಿ ಮಳೆ ಬಂದ ದಿನ ಇದೆಯೋ ಆ ಚೌಕಗಳೆಲ್ಲ ಒಂದೇ ಸಲ ನೀಲಿ ಆದವು. ಇಪ್ಪತ್ತು ವರ್ಷದ ಮಳೆ ಹಾಸಿದ ಕಂಬಳಿಯ ಪಟ್ಟೆ ಥರ ಕಂಡಿತು. ಅದಕ್ಕೆ ಕಂಡಿಷನಲ್ ಫಾರ್ಮ್ಯಾಟಿಂಗ್ ಅಂತಾರೆ. ಷರತ್ತಿನ ಬಣ್ಣ ಅಂತ ಇಟ್ಟುಕೊಳ್ಳಿ. ಅವನು ವಾಪಸ್ ಹೋದ ಮೇಲೆ ಹಳೇ ಲ್ಯಾಪ್‌ಟಾಪ್ ಒಂದನ್ನು ನನಗೇ ಬಿಟ್ಟ. ಈಗ ನಾನೇ ಮಾಡ್ತೇನೆ. ತಪ್ಪು ಮಾಡಿ ಮಾಡಿ ಕಲಿತದ್ದು. ನೀವು ಅದೇ ತಪ್ಪು ಮಾಡಬಾರದು ಅಂತ ಇಷ್ಟು ಬರೀತಿದ್ದೇನೆ.

ಕೈಯಲ್ಲಿ ಬಳಿದ ಬಣ್ಣಕ್ಕೂ ಇದಕ್ಕೂ ಏನು ವ್ಯತ್ಯಾಸ?

ಮೊದಲು ನಾನೂ ಕೈಯಲ್ಲೇ ಬಣ್ಣ ತುಂಬ್ತಿದ್ದೆ. ಮೇಲೆ ಪೇಂಟ್ ಡಬ್ಬಿಯ ಚಿತ್ರ ಇರ್ತದೆ, ಅದನ್ನು ಒತ್ತಿ ಚೌಕಕ್ಕೆ ಕೆಂಪು ಹಾಕೋದು. ಒಂದು ದಿನ 0 ಅಂತ ತಪ್ಪಿ ಹೊಡೆದಿದ್ದನ್ನು 20 ಅಂತ ತಿದ್ದಿದೆ. ಅಂಕಿ ಬದಲಾಯ್ತು, ಕೆಂಪು ಹಂಗೇ ಉಳೀತು. ಕೈಬಣ್ಣಕ್ಕೆ ಅಂಕಿಯ ಗೊಡವೆ ಇಲ್ಲ. ಷರತ್ತಿನ ಬಣ್ಣ ಹಾಗಲ್ಲ, ಅಂಕಿ ನೋಡಿ ಬರ್ತದೆ, ಅಂಕಿ ಬದಲಾದರೆ ಹೋಗ್ತದೆ. ನಾವು ಹೇಳಬೇಕಾದ್ದು ಎರಡೇ ಮಾತು: ಯಾವ ಷರತ್ತಿಗೆ, ಯಾವ ಬಣ್ಣ.

ಟಿ.ವಿ.ಯಲ್ಲಿ ಹವಾಮಾನ ಇಲಾಖೆಯವರ ಹಸಿರು, ಹಳದಿ, ಕಿತ್ತಳೆ, ಕೆಂಪು ಸೂಚನೆ ನೋಡ್ತೀರಲ್ಲ, ಅದರ ಹಿಂದೆಯೂ ಅಳತೆ ಇದೆ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ದಾಟಿದರೆ ವಿಪರೀತ ಭಾರಿ. ಗೆರೆ ಎಲ್ಲಿ ಹಾಕಬೇಕು ಅಂತ ಮೊದಲೇ ತೀರ್ಮಾನ ಮಾಡಿಕೊಂಡಿದ್ದಾರೆ. ನಾವೂ ನಮ್ಮ ಹೊಲಕ್ಕೆ ಗೆರೆ ಹಾಕಿಕೊಳ್ಳಬೇಕು. ಬಣ್ಣ ಆಮೇಲಿನ ಮಾತು.

ಎಕ್ಸೆಲ್‌ನಲ್ಲಿ ಈ ಸೌಲಭ್ಯ 1997ರ ಆವೃತ್ತಿಯಿಂದ ಇದೆ. ಆಗ ಮೂರೇ ಷರತ್ತು ಹಾಕಬಹುದಿತ್ತಂತೆ, 2007ರಲ್ಲಿ ಆ ಮಿತಿ ತೆಗೆದರು. ದುಡ್ಡು ಕೊಡದೆ ಸಿಗುವ ಲಿಬ್ರೆ ಆಫೀಸ್‌ನಲ್ಲೂ, ಗೂಗಲ್ ಶೀಟ್ಸ್‌ನಲ್ಲೂ ಇದೆ. ಫೋನಿನಲ್ಲೂ ಆಗ್ತದೆ, ಆದರೆ ನಮ್ಮ ದಪ್ಪ ಬೆರಳಿಗೆ ಆ ಸಣ್ಣ ಚೌಕ ಸಿಕ್ಕೋದು ಕಷ್ಟ. ನಾನು ಫೋನಿನಲ್ಲಿ ನೋಡೋದು ಮಾತ್ರ.

ಮೊದಲ ಪಾಠ: ಮಳೆ ಬಂದ ದಿನ

ಹಾಳೆಯ ಮೇಲುಗಡೆ ಎ, ಬಿ, ಸಿ ಅಂತ ಅಕ್ಷರ, ಎಡಗಡೆ 1, 2, 3 ಅಂತ ಅಂಕಿ. ಬಿ ಕಂಬ, 5ನೇ ಸಾಲು ಸೇರುವ ಚೌಕಕ್ಕೆ ಬಿ5 ಅಂತ ಹೆಸರು. ಚೌಕಾಬಾರದ ಮನೆ ಇದ್ದ ಹಾಗೆ, ಅದಕ್ಕೆ ನಾನು ಮನೆ ಅಂತಲೇ ಕರೀತೀನಿ. (ಇಲ್ಲಿ ಅಕ್ಷರಗಳನ್ನೂ ಆಜ್ಞೆಗಳನ್ನೂ ಕನ್ನಡದಲ್ಲಿ ಬರೆದಿದ್ದೇನೆ. ಕಂಪ್ಯೂಟರಿನಲ್ಲಿ ಹೊಡೆಯುವಾಗ ಇಂಗ್ಲಿಷ್ ಅಕ್ಷರದಲ್ಲೇ ಹೊಡೀಬೇಕು.)

ಎ ಕಂಬದಲ್ಲಿ ತಾರೀಕು, ಬಿ ಕಂಬದಲ್ಲಿ ಮಳೆ ಎಷ್ಟು ಮಿ.ಮೀ. ಅಂತ. ಮೊದಲ ಸಾಲು ತಲೆಬರಹಕ್ಕೆ. ಬಿ2ರಿಂದ ಕೊನೇ ಅಂಕಿವರೆಗೆ ಎಳೆದು ಆರಿಸಿಕೊಳ್ಳಿ. ಹೋಮ್ ಪಟ್ಟಿಯಲ್ಲಿ ಕಂಡಿಷನಲ್ ಫಾರ್ಮ್ಯಾಟಿಂಗ್ ಒತ್ತಿ. ಹೈಲೈಟ್ ಸೆಲ್ಸ್ ರೂಲ್ಸ್, ಅದರೊಳಗೆ ಗ್ರೇಟರ್ ದ್ಯಾನ್. ಒಂದು ಸಣ್ಣ ಕಿಟಕಿ ತೆರೀತದೆ. ಅಲ್ಲಿ ಅಂಕಿ ಹಾಕಿ, ಪಕ್ಕದಲ್ಲಿ ಬಣ್ಣ ಆರಿಸಿ, ಓಕೆ. ಇಷ್ಟೇ.

ಎಷ್ಟು ಅಂಕಿ? ಹವಾಮಾನ ಇಲಾಖೆಯ ಲೆಕ್ಕದಲ್ಲಿ ಒಂದು ದಿನಕ್ಕೆ 2.5 ಮಿ.ಮೀ. ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮಾತ್ರ ಮಳೆ ದಿನ. ಅದಕ್ಕಿಂತ ಕಡಿಮೆ ಅಂದ್ರೆ ಧೂಳು ಅಡಗಿಸುವ ಹನಿ. ಇಲ್ಲೊಂದು ಸೂಕ್ಷ್ಮ ಇದೆ. ಗ್ರೇಟರ್ ದ್ಯಾನ್ ಅಂದ್ರೆ 'ಅದಕ್ಕಿಂತ ಜಾಸ್ತಿ'. 2.5 ಅಂತ ಹಾಕಿದರೆ ಸರಿಯಾಗಿ 2.5 ಬಂದ ದಿನಕ್ಕೆ ಬಣ್ಣ ಬರೋದಿಲ್ಲ. ನಮ್ಮ ಮಾಪಕದಲ್ಲಿ ಒಂದು ದಶಾಂಶ ಮಾತ್ರ ಓದೋದರಿಂದ ನಾನು 2.4 ಅಂತ ಹಾಕ್ತೀನಿ.

ಲಿಬ್ರೆ ಆಫೀಸ್‌ನವರು ಫಾರ್ಮ್ಯಾಟ್ ಪಟ್ಟಿಗೆ ಹೋಗಿ ಕಂಡಿಷನಲ್, ಆಮೇಲೆ ಕಂಡಿಷನ್ ಒತ್ತಬೇಕು. ಗೂಗಲ್ ಶೀಟ್ಸ್‌ನಲ್ಲೂ ಫಾರ್ಮ್ಯಾಟ್ ಪಟ್ಟಿಯಲ್ಲೇ ಇದೆ, ಒತ್ತಿದರೆ ಬಲಗಡೆ ಕಿಟಕಿ ತೆರೀತದೆ.

ಎರಡನೇದು: ಎಷ್ಟು ದಿನದಿಂದ ಮಳೆ ಇಲ್ಲ?

ಮಳೆ ಬಂದ ದಿನ ನಮಗೆ ನೆನಪಿರ್ತದೆ. ಶೇಂಗಾಕ್ಕೆ ಏಟು ಹಾಕೋದು ಮಳೆ ಬಾರದ ದಿನಗಳು. ಅದಕ್ಕೆ ಸಿ ಕಂಬದಲ್ಲಿ ಒಣ ದಿನದ ಎಣಿಕೆ ಇಟ್ಟೆ. ಸಿ2ರಲ್ಲಿ 0 ಹಾಕಿ. ಸಿ3ರಲ್ಲಿ ಹೀಗೆ ಹೊಡೀರಿ:

=ಇಫ್(ಬಿ3<2.5,ಸಿ2+1,0)

ಅಂದ್ರೆ ಇವತ್ತಿನ ಮಳೆ 2.5ಕ್ಕಿಂತ ಕಡಿಮೆ ಇದ್ದರೆ ನಿನ್ನೆಯ ಎಣಿಕೆಗೆ ಒಂದು ಸೇರಿಸು, ಇಲ್ಲದಿದ್ದರೆ ಸೊನ್ನೆಯಿಂದ ಶುರು ಮಾಡು ಅಂತ. ಆ ಮನೆಯ ಬಲ ಮೂಲೆಯ ಚುಕ್ಕಿ ಹಿಡಿದು, ಮಳೆ ಲೆಕ್ಕ ಬರೆದಿರುವ ಸಾಲಿನವರೆಗೆ ಕೆಳಗೆ ಎಳೆದರೆ ಎಲ್ಲ ಮನೆಗೂ ಆಗ್ತದೆ. ಆಮೇಲೆ ಸಿ ಕಂಬಕ್ಕೆ ಎರಡು ಷರತ್ತು: 9ಕ್ಕಿಂತ ಜಾಸ್ತಿ ಇದ್ದರೆ ಹಳದಿ, 19ಕ್ಕಿಂತ ಜಾಸ್ತಿ ಇದ್ದರೆ ಕೆಂಪು. ಹತ್ತು, ಇಪ್ಪತ್ತು ಅನ್ನೋದು ನನ್ನ ಮರಳು ಭೂಮಿಗೆ ನಾನು ಹಾಕಿಕೊಂಡ ಗೆರೆ. ಎರೆಹೊಲ ಇದ್ದವರು ಇನ್ನೂ ತಡೀಬಹುದು. ಅವರ ಗೆರೆ ಬೇರೆ ಇರಬೇಕು.

ಇಲ್ಲಿ ನಾನು ಮೂರು ಸಲ ಮೋಸ ಹೋದೆ. ಅದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಬಣ್ಣ ತಪ್ಪಾದರೂ ನೋಡೋಕೆ ಚೆನ್ನಾಗೇ ಇರ್ತದೆ. ನಮಗೆ ಅನುಮಾನವೇ ಬರೋದಿಲ್ಲ.

ಒಂದನೇ ಮೋಸ: 2021ರ ಆಗಸ್ಟಿನಲ್ಲಿ ನಾನು ಸೊನ್ನೆ ಬದಲು 'ಮಳೆ ಇಲ್ಲ' ಅಂತ ಅಕ್ಷರದಲ್ಲಿ ಹೊಡೆದಿದ್ದೆ. ನೋಟ್‌ಬುಕ್ಕಿನ ಅಭ್ಯಾಸ. ನೋಡಿದರೆ ಆ ದಿನಗಳೆಲ್ಲ ನೀಲಿ! ಒಣ ದಿನದ ಎಣಿಕೆ ಸೊನ್ನೆ! ಕಂಪ್ಯೂಟರಿಗೆ ಅಕ್ಷರವನ್ನೂ ಅಂಕಿಯನ್ನೂ ಹೋಲಿಸು ಅಂದ್ರೆ ಅದು ಅಕ್ಷರವೇ ದೊಡ್ಡದು ಅನ್ನುತ್ತದೆ. 'ಮಳೆ ಇಲ್ಲ' ಅನ್ನೋದು 2.5ಕ್ಕಿಂತ ದೊಡ್ಡದಾಗಿ, ಮಳೆ ಬಂದ ಲೆಕ್ಕಕ್ಕೆ ಹೋಗಿತ್ತು. '12 ಮಿ.ಮೀ.' ಅಂತ ಬರೆದರೂ ಅದೇ ಕಥೆ, ಅದೂ ಅಕ್ಷರವೇ ಆಗ್ತದೆ. ಮನೆಯೊಳಗೆ ಬರೀ ಅಂಕಿ ಇರಬೇಕು. ಮಿ.ಮೀ., ರೂಪಾಯಿ, ಕ್ವಿಂಟಾಲ್ ಅನ್ನೋದೆಲ್ಲ ತಲೆಬರಹಕ್ಕೆ. ಪತ್ತೆ ಹಚ್ಚೋದು ಸುಲಭ: ನಾವು ಬದಲಾಯಿಸದೆ ಬಿಟ್ಟರೆ ಅಂಕಿ ಮನೆಯ ಬಲಗಡೆಗೆ ಅಂಟಿ ನಿಲ್ತದೆ, ಅಕ್ಷರ ಎಡಗಡೆಗೆ ನಿಲ್ತದೆ. ಎಡಕ್ಕೆ ನಿಂತದ್ದು ಕಂಡರೆ ಹಿಡೀರಿ.

ಎರಡನೇ ಮೋಸ: ಖಾಲಿ ಮನೆ. ಒಂದು ಸಲ ಹೆಂಡತಿಯ ತವರಿನಲ್ಲಿ ಮದುವೆ ಅಂತ ಐದು ದಿನ ಹೋಗಿದ್ದೆ, ಅಳೆಯೋರು ಇರಲಿಲ್ಲ. ಬಿ ಕಂಬ ಖಾಲಿ ಬಿಟ್ಟೆ. ಸೂತ್ರ ಅದನ್ನು ಸೊನ್ನೆ ಅಂತ ತಗೊಂಡು ಐದೂ ದಿನವನ್ನು ಒಣ ದಿನಕ್ಕೆ ಸೇರಿಸ್ತು. ಆ ವಾರ ಮಳೆ ಬಂದಿತ್ತು ಅಂತ ಪಕ್ಕದ ಹೊಲದವರು ಹೇಳಿದ ಮೇಲೆ ಗೊತ್ತಾಯ್ತು. ಅಳೆಯದ ದಿನ ಬೇರೆ, ಮಳೆ ಬಾರದ ದಿನ ಬೇರೆ. ಈಗ ಖಾಲಿ ಮನೆಗೆಂದೇ ಒಂದು ಷರತ್ತು ಇಟ್ಟಿದ್ದೇನೆ: ನ್ಯೂ ರೂಲ್ ಒತ್ತಿ, ಫಾರ್ಮ್ಯಾಟ್ ಓನ್ಲಿ ಸೆಲ್ಸ್ ದಟ್ ಕಂಟೇನ್ ಅನ್ನೋದರಲ್ಲಿ ಬ್ಲ್ಯಾಂಕ್ಸ್ ಆರಿಸಿ, ಬೂದು ಬಣ್ಣ. ಬೂದು ಕಂಡರೆ ಆ ಸುತ್ತಿನ ಎಣಿಕೆ ನಂಬಬಾರದು ಅಂತ ಲೆಕ್ಕ. ಪಂಚಾಯ್ತಿಯ ತಾನೇ ಅಳೆಯುವ ಮಾಪಕದ ಅಂಕಿ ತಂದು ತುಂಬಬಹುದು. ಆದರೆ ನಮ್ಮಲ್ಲಿ ಮಳೆ ಎತ್ತಿನ ಒಂದು ಕೋಡು ನೆನೆಸಿ ಇನ್ನೊಂದು ಬಿಡೋ ಥರ ಬರ್ತದೆ. ಅಲ್ಲಿ 30 ಬಂದ ದಿನ ನನ್ನ ಹೊಲದಲ್ಲಿ 3 ಇರ್ತದೆ. ನಾನು ತುಂಬೋದಿಲ್ಲ.

ಮೂರನೇದು ತಾರೀಕು. 5/7 ಅಂದ್ರೆ ನಮಗೆ ಜುಲೈ ಐದು. ಲ್ಯಾಪ್‌ಟಾಪು ಅಮೆರಿಕದ ಲೆಕ್ಕದಲ್ಲಿ ಇದ್ದರೆ ಅದು ಮೇ ಏಳು ಅಂತ ತಿಳ್ಕೊಳ್ತದೆ. 13/7 ಅಂತ ಹೊಡೆದರೆ ಹದಿಮೂರನೇ ತಿಂಗಳು ಇಲ್ಲವಲ್ಲ, ಅದನ್ನು ಅಕ್ಷರ ಅಂತ ಎಡಕ್ಕೆ ತಳ್ತದೆ. ತಿಂಗಳ ಮೊದಲ ಹನ್ನೆರಡು ದಿನ ಬಲಕ್ಕೂ, ಉಳಿದದ್ದು ಎಡಕ್ಕೂ ನಿಂತಿದ್ದರೆ ರೋಗ ಇದೇ. ಕಂಪ್ಯೂಟರಿನ ಸೆಟ್ಟಿಂಗ್ಸ್‌ನಲ್ಲಿ ಪ್ರದೇಶ ಇಂಡಿಯಾ ಅಂತ ಮಾಡಿಸಿ. ಆಮೇಲೂ ಹಳೇ ತಪ್ಪು ತಾನೇ ಸರಿಯಾಗೋದಿಲ್ಲ, ಮತ್ತೆ ಹೊಡೀಬೇಕು.

ಇಪ್ಪತ್ತು ವರ್ಷ ಒಂದೇ ಹಾಳೆಯಲ್ಲಿ

ನಾವು ಬಿತ್ತೋದು ಜೂನ್, ಜುಲೈ ನೋಡಿಕೊಂಡಲ್ಲ, ಮಳೆ ನಕ್ಷತ್ರ ನೋಡಿಕೊಂಡು. ಹಾಗಾಗಿ ಇನ್ನೊಂದು ಹಾಳೆ ಮಾಡಿದೆ. ಅಡ್ಡಕ್ಕೆ ರೋಹಿಣಿ, ಮೃಗಶಿರ, ಆರಿದ್ರದಿಂದ ಹಿಡಿದು ಚಿತ್ತೆ, ಸ್ವಾತಿ, ವಿಶಾಖದವರೆಗೆ ಹದಿಮೂರು ಕಂಬ. ಕೆಳಕ್ಕೆ ವರ್ಷ. ಒಂದೊಂದು ಮನೆಯಲ್ಲಿ ಆ ವರ್ಷದ ಆ ಮಳೆಯಲ್ಲಿ ಬಿದ್ದ ಒಟ್ಟು ಮಿ.ಮೀ.

ಇದಕ್ಕೆ ಕಲರ್ ಸ್ಕೇಲ್ಸ್ ಅಂತ ಒಂದು ವಿಧಾನ ಇದೆ. ಗೆರೆ ಹಾಕೋ ಕೆಲಸವೇ ಇಲ್ಲ. ಅತಿ ಕಡಿಮೆಗೆ ಬಿಳಿ, ಅತಿ ಜಾಸ್ತಿಗೆ ಕಡು ನೀಲಿ, ನಡುವೆ ಇದ್ದದ್ದಕ್ಕೆ ನಡುವಿನ ಬಣ್ಣ. ನೋಡೋಕೆ ಬಹಳ ಚೆಂದ. ಆದರೆ 2022ರ ಸಾಲು ಹಾಕಿದ ಮೇಲೆ ಕೆಟ್ಟಿತು. ಆ ವರ್ಷ ನಮ್ಮ ಕಡೆ ಯಾರೂ ಕಾಣದಂಥ ಮಳೆ. 1933ರ ಮೇಲೆ ಕೋಡಿ ಬೀಳದಿದ್ದ ಮಾರಿಕಣಿವೆ 89 ವರ್ಷ ಕಳೆದು ಆ ಸೆಪ್ಟೆಂಬರಿನಲ್ಲಿ ಕೋಡಿ ಬಿತ್ತು. ಆ ಒಂದೆರಡು ಮನೆಯ ಅಂಕಿ ಎಷ್ಟು ದೊಡ್ಡದಾಯ್ತು ಅಂದ್ರೆ, ಅದು ಮಾತ್ರ ಕಡು ನೀಲಿ, ಉಳಿದ ಇಪ್ಪತ್ತೊಂದು ವರ್ಷವೂ ಮಾಸಿದ ಪಂಚೆ ಥರ ಬಿಳಿಚಿಕೊಂಡವು. ಊರಿಗೊಬ್ಬ ಸಾಹುಕಾರ ಬಂದರೆ ಉಳಿದವರೆಲ್ಲ ಬಡವರ ಹಾಗೆ ಕಾಣೋದಿಲ್ಲವೇ, ಹಾಗೆ. ಪರಿಹಾರ ಇದೆ: ಮ್ಯಾನೇಜ್ ರೂಲ್ಸ್‌ಗೆ ಹೋಗಿ, ಎಡಿಟ್ ರೂಲ್ ಒತ್ತಿ, ಮ್ಯಾಕ್ಸಿಮಮ್ ಅನ್ನೋ ಕಡೆ ಹೈಯೆಸ್ಟ್ ವ್ಯಾಲ್ಯೂ ತೆಗೆದು ನಂಬರ್ ಅಂತ ಮಾಡಿ 100 ಹಾಕಿದೆ. ನೂರು ದಾಟಿದ್ದೆಲ್ಲ ಒಂದೇ ಕಡು ನೀಲಿ. ಉಳಿದವಕ್ಕೆ ಮತ್ತೆ ಜೀವ ಬಂತು.

ಆಮೇಲೆ ಶೇಕಡಾವಾರು ಮಾಡಿ ನೋಡಿದೆ. ಪ್ರತಿ ಮಳೆಗೂ ಸರಾಸರಿ ತೆಗೆದು, ಅದಕ್ಕಿಂತ ನೂರಕ್ಕೆ ಎಷ್ಟು ಹೆಚ್ಚು, ಎಷ್ಟು ಕಡಿಮೆ ಅಂತ. ಹವಾಮಾನ ಇಲಾಖೆಯವರ ಪ್ರಕಾರ ಸರಾಸರಿಗಿಂತ ಶೇ. 19ರವರೆಗೆ ಆಚೀಚೆ ಆದರೆ ವಾಡಿಕೆ ಮಳೆ, 20ರಿಂದ 59 ಕಡಿಮೆ ಆದರೆ ಕೊರತೆ, 60 ಅಥವಾ ಅದಕ್ಕಿಂತ ಕಡಿಮೆಯಾದರೆ ಭಾರಿ ಕೊರತೆ. ನಾನೂ ಅದೇ ಇಟ್ಟೆ: ಮೈನಸ್ 19ಕ್ಕಿಂತ ಕೆಳಗೆ ಹಳದಿ, ಮೈನಸ್ 59ಕ್ಕಿಂತ ಕೆಳಗೆ ಕೆಂಪು. ನೋಡಿದರೆ ಒಂದು ಮನೆಯೂ ಕೆಂಪಾಗಲಿಲ್ಲ! ಮೈನಸ್ 80 ಇದ್ದ ಕಡೆಯೂ ಹಳದಿ. ಕಾರಣ, ಮೈನಸ್ 80 ಎರಡೂ ಷರತ್ತಿಗೆ ಹೊಂದುತ್ತದೆ. ಎರಡು ಹೊಂದಿದಾಗ ಪಟ್ಟಿಯಲ್ಲಿ ಮೇಲಿದ್ದದ್ದು ಗೆಲ್ತದೆ. ಎಕ್ಸೆಲ್‌ನಲ್ಲಿ ಕೊನೆಗೆ ಹಾಕಿದ ಷರತ್ತು ಮೇಲಕ್ಕೆ ಹೋಗಿ ಕೂರ್ತದೆ. ನಾನು ಹಳದಿ ಕೊನೆಗೆ ಹಾಕಿದ್ದೆ. ಮ್ಯಾನೇಜ್ ರೂಲ್ಸ್‌ನಲ್ಲಿ ಬಾಣದ ಗುರುತು ಒತ್ತಿ ಕೆಂಪನ್ನು ಮೇಲಕ್ಕೆ ತಂದ ಮೇಲೆ ಸರಿಯಾಯ್ತು. ಕಠಿಣವಾದ ಷರತ್ತು ಯಾವಾಗಲೂ ಮೇಲೆ ಇರಲಿ. ಹಿಂದೆ ಹೇಳಿದ ಹತ್ತು, ಇಪ್ಪತ್ತು ಒಣ ದಿನದ ಬಣ್ಣಕ್ಕೂ ಇದೇ ಮಾತು.

ಶೇಕಡಾವಾರಿನಲ್ಲಿ ಒಂದು ತೊಡಕಿದೆ ಅಂತ ನನಗೆ ಆಮೇಲೆ ಹೊಳೀತು. ಸರಾಸರಿಯೇ 20 ಮಿ.ಮೀ. ಇರೋ ಮಳೆಯಲ್ಲಿ ಶೇ. 60 ಕಡಿಮೆ ಅಂದ್ರೆ 12 ಮಿ.ಮೀ. ಹೋಯ್ತು. ಸರಾಸರಿ 70 ಇರೋ ಕಡೆ ಅದೇ 60 ಅಂದ್ರೆ 42 ಮಿ.ಮೀ. ಹೋಯ್ತು. ಎರಡಕ್ಕೂ ಒಂದೇ ಕೆಂಪು. ಗಿಡಕ್ಕೆ ಶೇಕಡಾ ಗೊತ್ತಿಲ್ಲ, ಅದು ಕುಡಿಯೋದು ನೀರು. ಅದಕ್ಕೆ ನಾನು ಎರಡೂ ಹಾಳೆ ಪಕ್ಕಪಕ್ಕ ಇಟ್ಟು ನೋಡ್ತೀನಿ.

ಇಷ್ಟೆಲ್ಲ ಮಾಡಿ ಏನು ಕಂಡಿತು ಅಂದ್ರೆ, ಮಘೆ ಕಂಬ. ಆಗಸ್ಟ್ 17ರಿಂದ ತಿಂಗಳ ಕೊನೆವರೆಗೆ. ಮೇಲಿಂದ ಕೆಳಗೆ ಅರ್ಧಕ್ಕಿಂತ ಹೆಚ್ಚು ಮನೆ ಕೆಂಪು, ಹಳದಿ. ಅದರ ಎಡಗಡೆಯ ಆಶ್ಲೇಷವೂ ಅಷ್ಟೇನೂ ಚೆನ್ನಾಗಿಲ್ಲ. ಉತ್ತರೆಗೆ ಬಂದರೆ ಕೆಂಪು ಕಡಿಮೆಯಾಗ್ತಾ ಹೋಗ್ತದೆ.

ನಮ್ಮಪ್ಪನ ಕಾಲದಿಂದ ನಾವು ಆರಿದ್ರ ಮಳೆ ಹದ ಸಿಕ್ಕಿದ ಕೂಡಲೇ ಶೇಂಗಾ ಬಿತ್ತೋರು. ಜೂನ್ ಕೊನೇ ವಾರ ಬಿತ್ತಿದರೆ, ಹೂ ಬಿಟ್ಟು ಬುಡದಿಂದ ಸೂಜಿಯಂಥದು ಮಣ್ಣಿಗೆ ಇಳಿಯೋ ಹೊತ್ತು ಆಗಸ್ಟ್ ಎರಡನೇ ವಾರದಿಂದ ತಿಂಗಳ ಕೊನೆವರೆಗೆ. ಆಗ ಮಣ್ಣು ಗಟ್ಟಿಯಾಗಿದ್ದರೆ ಸೂಜಿ ಒಳಗೆ ಹೋಗೋದಿಲ್ಲ, ಹೋದರೂ ಕಾಯಿ ತುಂಬೋದಿಲ್ಲ. ಅಂದ್ರೆ ಬೆಳೆಗೆ ನೀರು ಬಹಳ ಬೇಕಾದ ಹೊತ್ತನ್ನು ನಾವೇ ತಗೊಂಡು ಹೋಗಿ ಕೆಂಪು ಕಂಬದೊಳಗೆ ಇಡ್ತಿದ್ದೆವು. ಇಪ್ಪತ್ತು ವರ್ಷ ಅಂಕಿ ನನ್ನ ಪೆಟ್ಟಿಗೆಯಲ್ಲೇ ಇತ್ತು, ನಾನೇ ಬರೆದದ್ದು. ಆ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಷ್ಟು ವರ್ಷ "ಬಳ್ಳಿ ಚೆನ್ನಾಗೈತೆ, ಕಾಯಿ ಯಾಕೋ ಇಲ್ಲ" ಅಂತ ಹಣೆಬರಹ ಹಳಿದುಕೊಂಡಿದ್ದೆವು.

2021ರಿಂದ ಮೂರು ಎಕರೆ ಮಾತ್ರ ಆರಿದ್ರದಲ್ಲಿ, ಉಳಿದ ಮೂರು ಎಕರೆ ಪುನರ್ವಸು ಕೊನೇ ಪಾದಕ್ಕೆ, ಜುಲೈ ನಡುವೆ ಬಿತ್ತುತ್ತಿದ್ದೇನೆ. ಅದರ ಸೂಜಿ ಇಳಿಯೋದು ಹುಬ್ಬೆ, ಉತ್ತರೆಯಲ್ಲಿ. ಅಕ್ಕಡಿಗೆ ತೊಗರಿ ಸಾಲು ಜಾಸ್ತಿ ಮಾಡಿದೆ. ಪೂರ್ತಿ ಬದಲಾಯಿಸಿಲ್ಲ. ಯಾಕಂದ್ರೆ ಆ ಕಂಬದಲ್ಲೂ ನೀಲಿ ಮನೆಗಳಿವೆ, ಆ ವರ್ಷ ಮುಂಚೆ ಬಿತ್ತಿದವನೇ ಗೆದ್ದಿರ್ತಾನೆ. ಜೊತೆಗೆ ಜುಲೈ ನಡುವೆ ಹದ ಸಿಕ್ಕೇ ಸಿಗ್ತದೆ ಅಂತ ಬರೆದುಕೊಟ್ಟವರಿಲ್ಲ. 2023ರಲ್ಲಿ ನನ್ನ ಎರಡೂ ತಾಕು ಹೋದವು. ಆ ಆಗಸ್ಟು ಇಡೀ ದೇಶಕ್ಕೇ 1901ರಿಂದೀಚೆಗೆ ಅತಿ ಕಡಿಮೆ ಮಳೆಯ ಆಗಸ್ಟ್ ಅಂತ ಹವಾಮಾನ ಇಲಾಖೆ ಹೇಳಿತ್ತು. ತಡವಾಗಿ ಬಿತ್ತಿದ್ದರಲ್ಲಿ ಕುರಿಗೆ ಹೊಟ್ಟಾದರೂ ಸಿಕ್ಕಿತು. ಹಾಳೆಯಲ್ಲಿ ಆ ಸಾಲು ನೋಡಿದರೆ ಈಗಲೂ ಕಣ್ಣು ಉರೀತದೆ.

ಗಡುವು ತಪ್ಪದ ಹಾಗೆ

ಇನ್ನೊಂದು ಉಪಯೋಗ ಹೇಳ್ತೀನಿ, ಮಳೆ ಲೆಕ್ಕ ಇಡದವರಿಗೂ ಬೇಕಾದದ್ದು. 2019ರಲ್ಲಿ ಬೆಳೆ ಸಾಲ ಕಟ್ಟೋ ಗಡುವನ್ನು ನಾನು ಹನ್ನೊಂದು ದಿನ ದಾಟಿಸಿದೆ. ದುಡ್ಡು ಇತ್ತು. ತೊಗರಿ ಮಾರಿದ್ದು ಮನೆಯಲ್ಲೇ ಇತ್ತು. ತಾರೀಕು ಮರೆತಿದ್ದೆ, ಅಷ್ಟೇ. ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ ಬಡ್ಡಿ ರಿಯಾಯಿತಿ. ಆ ವರ್ಷದ ಬಡ್ಡಿ ಪೂರ್ತಿ ಕೈಯಿಂದ ಹೋಯ್ತು. ಒಂದು ಕುರಿ ಮಾರಿ ಕಟ್ಟಿದೆ.

ಈಗ ಒಂದು ಹಾಳೆಯಲ್ಲಿ ಎಲ್ಲ ಗಡುವು ಇದೆ: ಬೆಳೆ ಸಾಲ, ಬೆಳೆ ವಿಮೆ, ಒಡವೆ ಸಾಲದ ಬಡ್ಡಿ, ಹುಡುಗಿಯ ಕಾಲೇಜು ಫೀಸು, ಕುರಿಗೆ ಲಸಿಕೆ. ಎ ಕಂಬ ವಿಷಯ, ಬಿ ಎಲ್ಲಿ, ಸಿ ಎಷ್ಟು, ಡಿ ಗಡುವಿನ ತಾರೀಕು, ಇ ಮುಗಿಸಿದ ತಾರೀಕು. ಗಡುವಿಗೆ ಮೂವತ್ತು ದಿನ ಇದೆ ಅನ್ನುವಾಗ ಇಡೀ ಸಾಲು ಕಿತ್ತಳೆ ಆಗಬೇಕು, ಮುಗಿಸಿದ ಕೂಡಲೇ ಬಣ್ಣ ಹೋಗಬೇಕು. ಇದಕ್ಕೆ ಸಿದ್ಧ ಷರತ್ತು ಸಾಲದು, ಸೂತ್ರ ಬೇಕು. ಎ2ರಿಂದ ಇ40ರವರೆಗೆ ಆರಿಸಿ, ನ್ಯೂ ರೂಲ್, ಅದರಲ್ಲಿ ಕೊನೇದಾದ ಯೂಸ್ ಎ ಫಾರ್ಮುಲಾ ಅನ್ನೋದನ್ನು ಒತ್ತಿ ಹೀಗೆ ಹೊಡೀರಿ:

=ಆಂಡ್($ಡಿ2<>"",$ಇ2="",$ಡಿ2-ಟುಡೇ()<=30)

ಮೂರು ಮಾತು: ಗಡುವು ಬರೆದಿರಬೇಕು, ಮುಗಿಸಿದ ತಾರೀಕು ಖಾಲಿ ಇರಬೇಕು, ಗಡುವಿಗೆ ಮೂವತ್ತು ಅಥವಾ ಅದಕ್ಕಿಂತ ಕಡಿಮೆ ದಿನ ಉಳಿದಿರಬೇಕು. ಮೂರೂ ಕೂಡಿದರೆ ಬಣ್ಣ. ಮೊದಲ ಮಾತು ಬಿಟ್ಟರೆ ಖಾಲಿ ಸಾಲುಗಳೆಲ್ಲ ಕಿತ್ತಳೆ ಆಗ್ತವೆ. ಟುಡೇ ಅನ್ನೋದು ಹಾಳೆ ತೆರೆದ ದಿನದ ತಾರೀಕು, ದಿನಾ ತಾನೇ ಬದಲಾಗ್ತದೆ. ಗಡುವು ದಾಟಿದರೂ ಬಣ್ಣ ಹೋಗೋದಿಲ್ಲ, ಕಟ್ಟೋವರೆಗೂ ಉರೀತಾ ಇರ್ತದೆ. ಅದು ಬೇಕಾದ್ದೇ.

ಡಾಲರ್ ಗುರುತು ಯಾಕೆ ಅಂತ ಕೇಳಬಹುದು. ಅದು ಗೂಟ. ಡಿ ಅಕ್ಷರದ ಮುಂದೆ ಗೂಟ ಹೊಡೆದರೆ ಕಂಪ್ಯೂಟರು ಅಡ್ಡಕ್ಕೆ ಎಷ್ಟೇ ಓಡಾಡಲಿ, ತಾರೀಕು ನೋಡೋಕೆ ಡಿ ಕಂಬಕ್ಕೇ ಬರಬೇಕು. 2ರ ಮುಂದೆ ಗೂಟ ಇಲ್ಲ, ಹಾಗಾಗಿ ಸಾಲಿನಿಂದ ಸಾಲಿಗೆ ಕೆಳಗೆ ಹೋಗಬಹುದು. ಗೂಟ ಮರೆತರೆ ಒಂದು ಮನೆಗೆ ಬಣ್ಣ ಬಂದು ಪಕ್ಕದ್ದಕ್ಕೆ ಬರೋದಿಲ್ಲ.

ಸೂತ್ರದಲ್ಲಿ ಬರೆದ ಸಾಲಿನ ಅಂಕಿ, ನೀವು ಆರಿಸಿದ ಮೊದಲ ಸಾಲಿನದೇ ಆಗಿರಬೇಕು. ಇದರಲ್ಲಿ ನಾನು ಎಡವಿದ್ದು ಕುರಿ ಹಾಳೆಯಲ್ಲಿ. ಕುರಿಗೆ ಗಬ್ಬದ ಕಾಲ ಸುಮಾರು 150 ದಿನ. ಟಗರು ಕೊಡಿಸಿದ ತಾರೀಕಿಗೆ 150 ಕೂಡಿಸಿದರೆ ಈಯುವ ಅಂದಾಜು ತಾರೀಕು ಬರ್ತದೆ. ತಿಂಗಳು ಮೊದಲೇ ಸಾಲಿಗೆ ಬಣ್ಣ ಬಂದರೆ ಆ ಕುರಿಗೆ ಹಿಂಡಿ, ಕೈ ತಿಂಡಿ ಜಾಸ್ತಿ ಮಾಡೋದು. ನಾನು ಮೂರನೇ ಸಾಲಿನಿಂದ ಆರಿಸಿ, ಸೂತ್ರದಲ್ಲಿ 2 ಅಂತಲೇ ಬಿಟ್ಟಿದ್ದೆ. ಎಲ್ಲ ಬಣ್ಣವೂ ಒಂದು ಸಾಲು ಕೆಳಗೆ ಬಿದ್ದಿತ್ತು. ಮನೆಯಾಕೆಗೆ ಓದು ಬರೋದಿಲ್ಲ, ಕುರಿ ಮುಖ ಮಾತ್ರ ಒಂದೊಂದೂ ಗೊತ್ತು. "ಕಿವಿ ಹರಿದಿದ್ದಕ್ಕೆ ಹಿಂಡಿ ಇಡು" ಅಂದೆ. "ಅದು ಮೊನ್ನೆ ಶುಕ್ರವಾರ ಈದೈತೆ ಕಣ್ರಿ, ಈಯೋದು ಇರೋದು ಕರಿ ಕುರಿ. ನಿಮ್ಮ ಪೆಟ್ಟಿಗೆಗೆ ಕಣ್ಣಿಲ್ವಾ?" ಅಂದಳು. ಆವತ್ತಿನಿಂದ ಹೊಸ ಷರತ್ತು ಹಾಕಿದಾಗ ಎರಡು ಮೂರು ಸಾಲನ್ನು ಕೈಯಲ್ಲಿ ಲೆಕ್ಕ ಹಾಕಿ ತಾಳೆ ನೋಡ್ತೀನಿ.

ಸಣ್ಣಪುಟ್ಟ ವಿಷಯ

ಖರ್ಚಿನ ಹಾಳೆಯಲ್ಲಿ ರಸೀದಿ ನಂಬರಿಗೆ ಡುಪ್ಲಿಕೇಟ್ ವ್ಯಾಲ್ಯೂಸ್ ಷರತ್ತು ಇಟ್ಟರೆ ಒಂದೇ ರಸೀದಿ ಎರಡು ಸಲ ಬರೆದದ್ದು ಸಿಗ್ತದೆ. ಎರಡು ಬೇರೆ ಅಂಗಡಿಯ ನಂಬರು ಒಂದೇ ಆಗಿದ್ದರೂ ಬಣ್ಣ ಬರ್ತದೆ, ನೋಡಿಕೊಳ್ಳಿ. ಮನೆಯೊಳಗೆ ಪಟ್ಟಿ ಎಳೆಯೋ ಡಾಟಾ ಬಾರ್ಸ್, ಬಾಣ ಹಾಕೋ ಐಕಾನ್ ಸೆಟ್ಸ್ ಇವೆ. ನನಗೆ ಅಷ್ಟೇನೂ ಬೇಕಾಗಿಲ್ಲ.

ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಾಪಿ ಪೇಸ್ಟ್ ಮಾಡಿದರೆ ಅಂಕಿಯ ಜೊತೆ ಷರತ್ತೂ ಹೋಗಿ ಅಂಟಿಕೊಳ್ತದೆ. ವರ್ಷ ಕಳೆದ ಮೇಲೆ ಮ್ಯಾನೇಜ್ ರೂಲ್ಸ್ ತೆರೆದರೆ ಒಂದೇ ಷರತ್ತು ಮೂವತ್ತು ತುಂಡಾಗಿ ಕೂತಿರ್ತದೆ. ಪೇಸ್ಟ್ ಮಾಡುವಾಗ ವ್ಯಾಲ್ಯೂಸ್ ಅನ್ನೋದನ್ನು ಆರಿಸಿದರೆ ಅಂಕಿ ಮಾತ್ರ ಹೋಗ್ತದೆ.

ಬಣ್ಣ ಮೂರು ದಾಟಬಾರದು. ನಾನು ಮೊದಲ ವರ್ಷ ಏಳು ಬಣ್ಣ ಹಾಕಿ, ಯಾವುದು ಯಾಕೆ ಅಂತ ನನಗೇ ಮರೆತು ಹೋಗಿತ್ತು. ಇನ್ನು ಕೆಲವು ಗಂಡಸರಿಗೆ ಕೆಂಪು, ಹಸಿರು ಬೇರೆ ಬೇರೆ ಕಾಣೋದಿಲ್ಲ. ನಮ್ಮೂರಲ್ಲೇ ಒಬ್ಬರು ಗಿಡದಲ್ಲಿ ಹಣ್ಣು ಮೆಣಸಿನಕಾಯಿ ಹುಡುಕೋಕೆ ಹೆಂಡತಿಯನ್ನು ಕರೀತಾರೆ. ಅವರಿಗೆ ಕೆಂಪು ಹಸಿರಿನ ಹಾಳೆ ತೋರಿಸಿದರೆ ಏನೂ ಉಪಯೋಗ ಇಲ್ಲ, ನೀಲಿ ಮತ್ತು ಕಿತ್ತಳೆ ಇಡಿ. ಕಪ್ಪು ಬಿಳುಪು ಜೆರಾಕ್ಸ್ ಮಾಡಿಸಿದರೂ ಇದೇ ತೊಂದರೆ: ಕೆಂಪೂ ನೀಲಿಯೂ ಒಂದೇ ಬೂದು. ಕಾಗದದಲ್ಲಿ ಯಾರಿಗಾದರೂ ಕೊಡೋದಿದ್ದರೆ, ಷರತ್ತಿನಲ್ಲೇ ಅಕ್ಷರ ದಪ್ಪ ಮಾಡೋ ಬೋಲ್ಡ್ ಇದೆ, ಅದನ್ನೂ ಸೇರಿಸಿ.

ನೋಟ್‌ಬುಕ್ಕು ಮಾತ್ರ ಬಿಟ್ಟಿಲ್ಲ. ಕಳೆದ ವರ್ಷ ಲ್ಯಾಪ್‌ಟಾಪು ಎರಡು ತಿಂಗಳು ರಿಪೇರಿಗೆ ಹೋಗಿತ್ತು. ಬೆಳಿಗ್ಗೆ ಎಂಟೂವರೆಗೆ ಮೊದಲು ಬರೆಯೋದು ಪೆನ್ನಿನಲ್ಲೇ. ಭಾನುವಾರ ರಾತ್ರಿ ಊಟ ಆದ ಮೇಲೆ ವಾರದ ಏಳು ಅಂಕಿ ಹಾಳೆಗೆ ಹಾಕ್ತೀನಿ, ಹತ್ತು ನಿಮಿಷದ ಕೆಲಸ. ಮೊನ್ನೆ ಹಾಕುವಾಗ ಒಣ ದಿನದ ಕಂಬ ಹಳದಿಗೆ ತಿರುಗಿತು, ಹನ್ನೊಂದು. ತಡವಾಗಿ ಬಿತ್ತೋ ಮೂರು ಎಕರೆಗೆ ಬೀಜ ಸುಲಿದು ಇಟ್ಟಾಗಿದೆ, ಹದಕ್ಕೆ ಕಾಯ್ತಿದ್ದೇನೆ.